ಯಜಮಾನರಿಲ್ಲದ ಭಾನುವಾರ

ನೆಲಮಾಳಿಗೆಯ ಬಾಗಿಲ ಮೇಲೆ ಒಂದು ವೃತ್ತ ಬರೆದು, ಅದರೊಳಗೆ ಇಂಗ್ಲಿಷಿನ ಮೊದಲ ಅಕ್ಷರವನ್ನು ಕೆಂಪು ಬಣ್ಣದಲ್ಲಿ ಎಳೆದದ್ದೇ ಎಲ್ಲ ರಂಪಕ್ಕೂ ಕಾರಣ. ಎಳೆದವನು ಮುಳ್ಳು. ಸೋಪು ಹಚ್ಚಿ ಕೂದಲನ್ನು ನೆಟ್ಟಗೆ ನಿಲ್ಲಿಸುತ್ತಿದ್ದುದಕ್ಕೆ ಕಟ್ಟಡದ ಹದಿನಾಲ್ಕು ಮನೆಯವರೂ ಸೇರಿ ಇಟ್ಟ ಹೆಸರದು. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ "ಈಗ ಕಾಣುತ್ತಾ ಮೇಡಂ?" ಎಂದು ಮೆಲ್ಲಗೆ ಕೇಳುವ ಈ ಪ್ರಾಣಿ, ಸಂಜೆಯಾದರೆ ನೆಲಮಾಳಿಗೆಯಲ್ಲಿ ಇಬ್ಬರು ಗೆಳೆಯರೊಂದಿಗೆ ಪಂಕ್ ಎಂಬ ಗದ್ದಲದ ಹಾಡು ಕಿರುಚುತ್ತಿತ್ತು. ಮುಂದಿನ ಶನಿವಾರ ಅವರ ಮೊದಲ ಕಾರ್ಯಕ್ರಮ. ಅಭ್ಯಾಸಕ್ಕೆ ಬೇರೆ ಯಾರೂ ಜಾಗ ಕೊಡುವವರಿರಲಿಲ್ಲ. ಕೇಳಿ ಕೇಳಿ ಸಾಕಾಗಿತ್ತು.

ಭಾನುವಾರ ಬೆಳಿಗ್ಗೆ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರಾದ ನಿವೃತ್ತ ಲೆಕ್ಕದ ಮೇಷ್ಟ್ರು ಬಾಗಿಲು ತಟ್ಟಿದರು.

"ಏನಯ್ಯ ಅದು ಗುರುತು? ಅರಾಜಕತೆಯಂತೆ! ನಿಘಂಟಲ್ಲಿ ನೋಡ್ದೆ. ಗಲಭೆ, ದೊಂಬಿ, ಲೂಟಿ ಅಂತಿದೆ."

"ಅಯ್ಯೋ ಇಲ್ಲ ಮೇಷ್ಟ್ರೇ. ಯಾರೂ ಯಾರ ತಲೆ ಮೇಲೂ ಕೂರಬಾರದು, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಕರೆಯದೇನೇ ಹೋಗ್ಬೇಕು. ಅಷ್ಟೇ ಅದರರ್ಥ."

"ಸಂಜೆ ಐದಕ್ಕೆ ಸಭೆ. ನೆಲಮಾಳಿಗೆ ಕೋಣೆ ನಿಮಗೆ ಉಳಿಯುತ್ತೋ ಹೋಗುತ್ತೋ ಅಲ್ಲೇ ತೀರ್ಮಾನ" ಎಂದು ಮೇಷ್ಟ್ರು ನೋಟಿಸಿನ ಜೆರಾಕ್ಸ್ ಮಾಡಿಸಲು ಹೊರಟರು.

ಮಾತಿಗಿಂತ ಮಾಡಿ ತೋರಿಸುವುದೇ ಮೇಲು ಅಂದುಕೊಂಡ ಮುಳ್ಳು. ಯಾರಿಗೆ ಏನು ಕಷ್ಟವಿದೆ ಎಂದು ಯೋಚಿಸಿದಾಗ ಎರಡನೇ ಮಹಡಿಯ ನರ್ಸಮ್ಮನ ಮನೆಯ ನಲ್ಲಿ ತೊಟ್ಟಿಕ್ಕುವುದು ನೆನಪಾಯಿತು. ಸ್ಪ್ಯಾನರ್ ಹಿಡಿದು ಹೋಗಿ, ರಾತ್ರಿ ಪಾಳಿ ಮುಗಿಸಿ ಆಗತಾನೇ ಕಣ್ಣು ಮುಚ್ಚಿದ್ದ ಆಕೆಯನ್ನು ಎಬ್ಬಿಸಿದ.

"ನಾನು ಕರೆದಿಲ್ವಲ್ಲಪ್ಪ?"

"ಅದೇ ಅಕ್ಕ ವಿಶೇಷ" ಎಂದು ಮುಳ್ಳು ಸಿಂಕಿನಡಿ ತೂರಿದ. ಕನ್ನಡಕದ ಸ್ಕ್ರೂ ತಿರುಗಿಸಿದ ಕೈ ಅದು, ನಲ್ಲಿಯ ಗೋಜಿಗೆ ಹೋದದ್ದಲ್ಲ. ಎರಡು ಸುತ್ತು ತಿರುಗಿಸುವಷ್ಟರಲ್ಲಿ ನಲ್ಲಿ ಬುಡಸಮೇತ ಕೈಗೆ ಬಂತು. ನೀರು ಅವನ ಮುಖಕ್ಕೆ ಬಡಿದು, ಕೂದಲು ಮಲಗಿಸಿ, ನಡುಮನೆಗೆ ನುಗ್ಗಿತು. ಕೆಳಗಿನ ಮನೆ ಟೈಲರನದು. ನಾಳೆ ಕೊಡಬೇಕಿದ್ದ ಅರವತ್ತು ಶಾಲಾ ಲಂಗಗಳ ಮೇಲೆ ಸೂರು ಸೋರತೊಡಗಿತು.

"ಅಯ್ಯಯ್ಯೋ, ನಾನು ಕೆಟ್ಟೆ!" ಎಂದು ಟೈಲರ್ ಬಾಯಿ ಬಡಿದುಕೊಂಡ. ನೀರು ನಿಲ್ಲಿಸುವ ದೊಡ್ಡ ವಾಲ್ವಿನ ಕೋಣೆಯ ಬೀಗದ ಕೈ ಅಧ್ಯಕ್ಷರ ಜೇಬಿನಲ್ಲಿ. ಅಧ್ಯಕ್ಷರು ಜೆರಾಕ್ಸ್ ಅಂಗಡಿಯಲ್ಲಿ. ನರ್ಸಮ್ಮನೇ ಹಳೇ ಸೀರೆ ಹರಿದು, ಮುರಿದ ಕಾಲಿಗೆ ಕಟ್ಟುವ ಹಾಗೆ ಪೈಪಿಗೆ ಬ್ಯಾಂಡೇಜು ಬಿಗಿದಳು. ಅಷ್ಟರಲ್ಲಿ ಮನೆಮನೆಯವರೂ ಬಂದಿದ್ದರು. ಮೆಟ್ಟಿಲ ಮೇಲೆ ಸಾಲಾಗಿ ನಿಂತು ಲಂಗಗಳನ್ನು ಕೈಯಿಂದ ಕೈಗೆ ದಾಟಿಸಿದರು. ಒಬ್ಬರು ಹಿಂಡಿದರು, ಒಬ್ಬರು ಹಗ್ಗ ಕಟ್ಟಿದರು. ಮುಳ್ಳಿನ ಅಮ್ಮ, ನೆಲಮಾಳಿಗೆಯ ಕೋಣೆಗೆ ನೇರ ಮೇಲಿನ ಮನೆಯಲ್ಲೇ ಇರುವವಳು, ಒಂದೂ ಮಾತಾಡದೆ ಕ್ಲಿಪ್ಪು ಹಾಕುತ್ತ ಹೋದಳು. ನಾಲ್ಕೈದು ಮನೆಗಳಿಂದ ಇಸ್ತ್ರಿಪೆಟ್ಟಿಗೆಗಳು ಬಂದವು. ಎದುರುಬದುರು ಮನೆಯಲ್ಲಿದ್ದೂ ಮೂರು ವರ್ಷ ಮಾತು ಬಿಟ್ಟಿದ್ದ ಇಬ್ಬರು ಒಂದೇ ಲಂಗದ ಎರಡು ತುದಿ ಹಿಡಿದು ಜಾಡಿಸಿದರು.

ಮೇಷ್ಟ್ರು ಬಂದವರು ಕಣ್ಣು ಕಣ್ಣು ಬಿಟ್ಟರು. "ಯಾರು ಹೇಳಿದ್ದು ಇದನ್ನೆಲ್ಲ ಮಾಡೋಕೆ?"

"ಯಾರೂ ಹೇಳ್ಲಿಲ್ಲ. ಹಿಡ್ಕೊಳ್ಳಿ ಸಾರ್ ಇದನ್ನ" ಎಂದು ಟೈಲರ್ ಅವರ ಕೈಗೆ ಒದ್ದೆ ಗಂಟು ಕೊಟ್ಟ.

ಐದು ಗಂಟೆಗೆ ಸಭೆ ಸೇರುವ ಹೊತ್ತಿಗೆ ಅರವತ್ತೂ ಲಂಗ ಒಣಗಿ ಮಡಿಕೆಯಾಗಿದ್ದವು. "ಇವತ್ತು ನಡೀತಲ್ಲ, ಅದೇ ಆ ಗುರುತಿನ ಅರ್ಥ" ಎಂದ ಮುಳ್ಳು. "ನಲವತ್ತು ವರ್ಷ ಬರೀ ಆರ್ಡರ್ ಮಾಡ್ಕೊಂಡೇ ಬದುಕಿದೆ ಕಣಯ್ಯ" ಎಂದು ಮೇಷ್ಟ್ರು ಅಧ್ಯಕ್ಷರ ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತರು. "ಕೋಣೆ ಈ ಹುಡುಗರಿಗೇ ಇರಲಿ ಅನ್ನೋರು ಮನೆಗೊಂದು ಕೈ ಎತ್ತಿ."

ಹದಿಮೂರು ಕೈ ಎದ್ದವು. ಟೈಲರ್ ಎರಡೂ ಎತ್ತಿದ್ದರಿಂದ ಒಂದನ್ನು ಇಳಿಸಿ ಹನ್ನೆರಡು ಮಾಡಬೇಕಾಯಿತು. "ಸರಿ, ಮುಗೀತು" ಎಂದರು ಮೇಷ್ಟ್ರು.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆದರ್ಶ ತಲೆಗೇರಿದವನಿಗೆ ಗೆಲುವೂ ಸಲೀಸಾಗಿ ಜೀರ್ಣವಾಗುವುದಿಲ್ಲ. "ಮುಗೀಲಿಲ್ಲ ಮೇಷ್ಟ್ರೇ!" ಎಂದು ಮುಳ್ಳು ಎದ್ದು ನಿಂತ. ಡ್ರಮ್ಮಿನ ಗೆಳೆಯ ಅವನ ತೊಡೆ ಚಿವುಟಿದ. ಮುಳ್ಳು ಕೇಳಲಿಲ್ಲ. "ಹೆಚ್ಚು ಜನ ಸೇರಿ ಕಡಿಮೆ ಜನರ ಬಾಯಿ ಮುಚ್ಚಿಸೋದೂ ದರ್ಬಾರೇ. ನಮ್ಮಲ್ಲಿ ಎಲ್ಲರೂ ಒಪ್ಪಬೇಕು. ಒಬ್ಬರು ಬೇಡ ಅಂದ್ರೂ ಬೇಡ. ಕೈ ಎತ್ತದೇ ಇರೋರನ್ನ ಖುದ್ದಾಗಿ ಕೇಳ್ಬೇಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ಕೈ ಎತ್ತದವರು ಇಬ್ಬರೇ. ನರ್ಸಮ್ಮ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಎಬ್ಬಿಸಿ ಕೇಳಿದರೆ "ಇರಲಿ ಬಿಡಿ" ಅಂದಳು. ಇನ್ನೊಬ್ಬಳು ಮುಳ್ಳಿನ ಅಮ್ಮ.

"ಹೇಳಮ್ಮ" ಎಂದ ಮುಳ್ಳು ನಗುತ್ತ.

"ಬೇಡ" ಎಂದಳು ಅಮ್ಮ.

"ಅಮ್ಮಾ!"

"ಎರಡು ವರ್ಷದಿಂದ ನಿಮ್ಮ ಡ್ರಮ್ಮು ನನ್ನ ಮಂಚದಡೀಲೇ ಬಡಿಯುತ್ತೆ. ಕಿವೀಲಿ ಹತ್ತಿ ಇಟ್ಕೊಂಡೇ ಅಡುಗೆ ಮಾಡ್ತೀನಿ. ತಲೆ ಸಿಡಿದುಹೋಗುತ್ತೆ ಕಣೋ."

"ಇಷ್ಟು ದಿನ ಒಂದು ಮಾತು ಹೇಳ್ಲಿಲ್ವಲ್ಲ!"

"ಯಾರು ಕೇಳಿದ್ರು?"

ಮುಳ್ಳಿಗೆ ನಾಚಿಕೆಯಾಯಿತು. ಲೋಕದಲ್ಲಿ ದನಿಯಿಲ್ಲದವರ ಬಗ್ಗೆ ಹನ್ನೊಂದು ಹಾಡು ಬರೆದಿದ್ದ, ತನ್ನ ತಲೆಯ ಮೇಲೇ ಇದ್ದವಳನ್ನು ಕೇಳಿರಲಿಲ್ಲ. ನಾಚಿಕೆಯ ಬೆನ್ನಿಗೇ ಶನಿವಾರದ ಕಾರ್ಯಕ್ರಮ ನೆನಪಾಗಿ ಮೇಷ್ಟ್ರತ್ತ ತಿರುಗಿದ. "ಮೇಷ್ಟ್ರೇ, ನೀವು ಅಧ್ಯಕ್ಷರಲ್ವಾ? ಕೈ ಮುಗೀತೀನಿ, ಒಂದೇ ಒಂದು ಆರ್ಡರ್ ಮಾಡಿ ಸಾರ್!"

"ಆರ್ಡರ್ ಮಾಡೋಕೆ ನಾನ್ಯಾರಪ್ಪ?" ಎಂದರು ಮೇಷ್ಟ್ರು ಚಾಪೆಯ ಮೇಲಿಂದ. ಅವರ ಮುಖದಲ್ಲಿ ಎಂದೂ ಕಾಣದ ಶಾಂತಿ ಇತ್ತು.

ಕೋಣೆ ಖಾಲಿ ಮಾಡಿ ಅಂತ ಈ ಸಲವೂ ಯಾರೂ ಹೇಳಬೇಕಾಗಲಿಲ್ಲ. ಟೈಲರ್ ಅಂಗಿಯ ತೋಳು ಮಡಿಸಿ ಎದ್ದ. ಹದಿನಾಲ್ಕು ಮನೆಯವರೂ ನೆಲಮಾಳಿಗೆಯ ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ಸ್ಪೀಕರು, ಗಿಟಾರು, ವೈರುಗಳೆಲ್ಲ ಕೈಯಿಂದ ಕೈಗೆ ದಾಟಿ, ಹತ್ತೇ ನಿಮಿಷದಲ್ಲಿ ಒಂದು ಗೀರೂ ಬೀಳದೆ ಬೀದಿಗೆ ಬಂದವು. ದೊಡ್ಡ ಡ್ರಮ್ಮಿನ ಒಂದು ಕಡೆ ಮುಳ್ಳು ಹಿಡಿದಿದ್ದ, ಇನ್ನೊಂದು ಕಡೆ ಅಮ್ಮ.

"ಹುಷಾರು ಕಣೋ, ಸೊಂಟ ಹಿಡ್ಕೊಂಡೀತು" ಎಂದಳು.