ಅತ್ತಿಗೆಯ ಜೈಲುವಾಸ

ನಮ್ಮ ಅತ್ತಿಗೆ ಅಮೆರಿಕದಲ್ಲಿ ಮೂರು ವರ್ಷ ಜೈಲಿನಲ್ಲಿದ್ದರು! ಗಾಬರಿಯಾಗಬೇಡಿ, ವಾರಕ್ಕೆ ಮೂರೇ ದಿನ, ಹತ್ತರಿಂದ ನಾಲ್ಕರವರೆಗೆ. ಊಟ ಮನೆಯ ಡಬ್ಬಿಯದೇ.

ಐಟಿ ಕಂಪನಿಗಳು ವಿಮಾನ ತುಂಬಾ ಜನರನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಅಣ್ಣನಿಗೆ ಕೆಲಸದ ವೀಸಾ. ಮೈಸೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ಅತ್ತಿಗೆಗೆ ಅವನ ಹೆಂಡತಿ ಎಂಬ ವೀಸಾ. ಅದರಲ್ಲಿ ದುಡಿಯುವಂತಿಲ್ಲ. ಸಮರ್‌ಸೆಟ್ ಎಂಬ ಊರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಎಷ್ಟು ದಿನ ಅಂತ ಸಾರಿನ ಪುಡಿ ಮಾಡಿಯಾರು? ಪಕ್ಕದೂರಿನಲ್ಲಿ ಹಳೆಯ ಜೈಲೊಂದನ್ನು ಮ್ಯೂಸಿಯಂ ಮಾಡಿದ್ದರು. ಅತ್ತಿಗೆ ಅಲ್ಲಿ ಬಂದವರಿಗೆ ಸೆಲ್‌ಗಳನ್ನು ತೋರಿಸುವ ವಾಲಂಟಿಯರ್ ಆಗಿಬಿಟ್ಟರು!

ಮೊದಲ ದಿನವೇ, ಬಾಗಿಲು ಬೋಳಾಗಿದೆಯೆಂದು ಮೆಟ್ಟಿಲ ಮುಂದೆ ರಂಗೋಲಿ ಬಿಡಿಸಿದರು. ಉಸ್ತುವಾರಿ ನೋಡುತ್ತಿದ್ದ ಎಪ್ಪತ್ತು ದಾಟಿದ ಅಜ್ಜಿ ಅದನ್ನು ಇರುವೆ ಪುಡಿಯೆಂದುಕೊಂಡು ಥ್ಯಾಂಕ್ಸ್ ಹೇಳಿದರಂತೆ.

ಇಬ್ಬರಿಗೂ ಜಟಾಪಟಿ ಶುರುವಾದದ್ದು ಬೀಳ್ಕೊಡುವ ವಿಷಯಕ್ಕೆ. ಬಂದವರನ್ನು ಬರೀ 'ಹೋಗಿ' ಎಂದು ಕಳಿಸುವುದುಂಟೇ? ಅತ್ತಿಗೆ ಜೈಲಿನ ಬಾಗಿಲಲ್ಲಿ ನಿಂತು ಎಲ್ಲರಿಗೂ 'ಗೋ ಅಂಡ್ ಕಮ್' ಎನ್ನುತ್ತಿದ್ದರು. ತಮ್ಮಪ್ಪ ಸೆರೆಯಲ್ಲಿದ್ದ ಸೆಲ್ ನೋಡಲು ಬಂದಿದ್ದ ಮುದುಕರೊಬ್ಬರಿಗೂ ಅದನ್ನೇ ಹೇಳಿದರು! ಜೈಲಿನಿಂದ ಹೊರಟವರಿಗೆ ಯಾರೂ ಹಾಗನ್ನುವುದಿಲ್ಲ ಎಂದು ಅಜ್ಜಿ ಗದರಿದರು. ಹಾಗನ್ನದಿದ್ದರೆ ನಮ್ಮಲ್ಲಿ ಅಪಶಕುನ ಎಂದು ಅತ್ತಿಗೆ ಪಟ್ಟು ಬಿಡಲಿಲ್ಲ.

ಈ ನಡುವೆ ಅಣ್ಣನ ಗ್ರೀನ್ ಕಾರ್ಡ್ ಅರ್ಜಿಯ ಜೊತೆಗೆ, ಅತ್ತಿಗೆಗೂ ದುಡಿಯಲು ಅನುಮತಿ ಕೊಡುವ ವರ್ಕ್ ಪರ್ಮಿಟ್‌ಗೆ ಅರ್ಜಿ ಹೋಗಿತ್ತು. ದಿನಾ ಸಂಜೆ ಅತ್ತಿಗೆ ಮೇಲ್‌ಬಾಕ್ಸ್ ತೆರೆಯುವಾಗ, ಓದಲೆಂದು ಬಂದು ಅವರ ಮನೆಯಲ್ಲೇ ಇದ್ದ ನಾನು ಕಾಡುತ್ತಿದ್ದೆ.

"ಜಾಮೀನು ಸಿಕ್ತಾ ಅತ್ತಿಗೆ?"

"ಇಲ್ಲ ಕಣೋ, ಇವತ್ತೂ ಪಿಜ್ಜಾ ಕೂಪನ್ನೇ."

ನಗುತ್ತಲೇ ಹೇಳುತ್ತಿದ್ದರು. ಆ ನಗುವನ್ನು ನಾನು ಪೂರ್ತಿ ನಂಬಿಬಿಟ್ಟಿದ್ದೆ, ದಡ್ಡ.

ಪರ್ಮಿಟ್ ಬಂದೇ ಬಂತು! ಹಿಮದಲ್ಲಿ ಹವಾಯಿ ಚಪ್ಪಲಿಯಲ್ಲೇ ಪಾರ್ಕಿಂಗ್ ಲಾಟ್ ತುಂಬಾ ಓಡಾಡಿದ ಅತ್ತಿಗೆಯನ್ನು ನೀವು ನೋಡಬೇಕಿತ್ತು! ತಿಂಗಳೊಳಗೆ ಲ್ಯಾಬ್ ಒಂದರಲ್ಲಿ ಕೆಲಸವೂ ಸಿಕ್ಕಿತು.

ಜೈಲಿನ ಕೊನೆಯ ದಿನ ಅವರನ್ನು ಕರೆತರಲು ನಾನೇ ಹೋಗಿದ್ದೆ. ಅತ್ತಿಗೆ ಕೀಲಿ ಗೊಂಚಲನ್ನು ಮೇಜಿನ ಮೇಲಿಟ್ಟರು. ಅಜ್ಜಿ ಬಾಗಿಲವರೆಗೂ ಬಂದು, ಅತ್ತಿಗೆಯ ಕೋಟಿನ ಗುಂಡಿ ಹಾಕಿ, ಮೆಲ್ಲಗೆ ಹೇಳಿದರು:

"ಗೋ ಅಂಡ್ ಕಮ್."

ಅಷ್ಟು ದಿನ ಪಿಜ್ಜಾ ಕೂಪನ್ನಿನ ಮೇಲ್‌ಬಾಕ್ಸ್ ಮುಂದೆ ಒಂದು ದಿನವೂ ಅಳದಿದ್ದ ಅತ್ತಿಗೆ ಕಾರಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು. ನಾನು ತಮಾಷೆ ಬಿಟ್ಟು ಟಿಶ್ಯೂ ಡಬ್ಬಿ ಮುಂದೆ ಹಿಡಿದೆ.

ಆ ಶನಿವಾರವೇ ಅತ್ತಿಗೆ ರಂಗೋಲಿ ಡಬ್ಬಿ ಹಿಡಿದು ಮತ್ತೆ ಜೈಲಿಗೆ ಹೊರಟರು. ಹೋಗಿ ಬಾ ಎಂದ ಮೇಲೆ ಬರದೇ ಇರಲಾಗುತ್ತದೆಯೇ?