ದೊಡ್ಡಮ್ಮನ ಕಣ್ಣೀರಿಗೆ ಹೆದರಿದ ಬೀದಿ

ನಮ್ಮ ದೊಡ್ಡಮ್ಮ ಯಾರ ಮನೆಯಲ್ಲಿ ಕೂತು ಕಣ್ಣೀರು ಹಾಕುತ್ತಾರೋ, ಆ ಮನೆಯವರು ತಿಂಗಳೊಳಗೆ ಸತ್ತವರ ಶಿವಗಣಾರಾಧನೆಗೆ ಅಡುಗೆಯವರನ್ನು ಹುಡುಕಬೇಕು! ಹೀಗೆಂದದ್ದು ನಾನಲ್ಲ, ಲಕ್ಷ್ಮೀಪುರಂನ ಅವರ ಇಡೀ ಬೀದಿ. ತಾಯಿಯಿಲ್ಲದ ನನ್ನನ್ನು ಸಾಕಿದವರ ಮೇಲೆ ಇಂಥ ಅಪವಾದವೇ ಎಂದು ಜಗಳಕ್ಕೆ ಹೋಗೋಣವೆಂದರೆ, ಸಾಕ್ಷಿಗಳೆಲ್ಲ ಬೀದಿಯವರ ಕಡೆಗೇ ಇದ್ದವಲ್ಲ!

ಮೊದಲ ಸಾಕ್ಷಿ ಎದುರು ಮನೆಯ ಮೇಷ್ಟ್ರು. ಎಂಬತ್ತಾದರೂ ಗುಂಡುಕಲ್ಲಿನ ಹಾಗಿದ್ದರು. ಅವರ ನಡುಮನೆಯಲ್ಲಿ, ಫ್ಯಾನಿನ ಕೆಳಗೆ ಕೂತು ದೊಡ್ಡಮ್ಮ ಅವರ ಜೋಕಿಗೆ ನಗುತ್ತಿದ್ದರು. ಬಾಯಿ ನಗುತ್ತಲೇ ಇದೆ, ಕಣ್ಣಿನಿಂದ ಧಾರೆ! ಮೇಷ್ಟ್ರ ಹೆಂಡತಿ ಗಾಬರಿಯಿಂದ, "ಯಾಕ್ರೀ ಅಳ್ತಿದ್ದೀರಾ?" ಎಂದರೆ, "ನಾನೆಲ್ಲಿ ಅಳ್ತಿದ್ದೀನಿ?" ಎಂದರಂತೆ. ಒಂಬತ್ತನೇ ದಿನ ಮೇಷ್ಟ್ರು ಶಿವೈಕ್ಯರಾದರು.

ಎರಡನೆಯದು ಮೂಲೆಮನೆಯ ಅಜ್ಜಿ. ಅದೂ ಫ್ಯಾನಿನ ಕೆಳಗೇ; ಅಜ್ಜಿಯೂ ತಿಂಗಳು ದಾಟಲಿಲ್ಲ. ಮೂರನೆಯದು ಆಟೋ! ದೊಡ್ಡಮ್ಮ ಗಾಳಿಗೆ ಮುಖವೊಡ್ಡಿ ಮಾರ್ಕೆಟ್ಟಿನವರೆಗೂ ಸುರಿಸಿದರು. ಡ್ರೈವರು ಕನ್ನಡಿಯಲ್ಲಿ ನೋಡಿ ನೋಡಿ ಬೆವೆತ. ಅವನಿಗೇನೂ ಆಗಲಿಲ್ಲ, ಮರುದಿನ ಎಂಜಿನ್ ಸೀದುಹೋಯಿತು.

ಆಮೇಲೆ ಕೇಳಬೇಕೆ? ದೊಡ್ಡಮ್ಮ ಹೂವಿನ ಬುಟ್ಟಿ ಹಿಡಿದು ಬೀದಿಗಿಳಿದರೆ, ಹಾಡುಹಗಲೇ ಒಂದರ ಹಿಂದೊಂದು ಚಿಲಕ ಬೀಳುವ ಸದ್ದು. ಕುಕ್ಕರ್ ಕೂಗುತ್ತಿರುವ ಮನೆಯೊಳಗಿಂದ, "ಮನೇಲಿ ಯಾರೂ ಇಲ್ಲ ಕಣ್ರೀ!" ಎಂದು ಮನೆಯಾಕೆಯೇ ಕೂಗುತ್ತಿದ್ದರು. ದೊಡ್ಡಮ್ಮ ಮೊದಮೊದಲು ನಕ್ಕರು. ಆಮೇಲಾಮೇಲೆ ವಿಜಯನಗರದ ನಮ್ಮ ಮನೆಗೆ ಬಂದರೂ ನನ್ನ ಮುಖ ನೋಡದೆ ಗೋಡೆ ನೋಡಿಕೊಂಡು ಮಾತಾಡತೊಡಗಿದರು. ಬೀದಿಯವರ ಭಯ ಅವರೊಳಗೂ ಹೊಕ್ಕಿದೆ ಎಂದು ನನಗೆ ಆಗ ತಿಳಿಯಿತು.

ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ರೆಪ್ಪೆ ಮಡಚಿ ನೋಡಿ ಹೇಳಿದರು: "ಮುಟ್ಟು ನಿಂತ ಮೇಲೆ ಹಾರ್ಮೋನು ಕಮ್ಮಿಯಾಗುತ್ತಮ್ಮ. ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳು ಸೊರಗ್ತವೆ. ಎಣ್ಣೆ ಪದರ ಇಲ್ಲದೆ ಕಣ್ಣಿನ ಪಸೆ ಬೇಗ ಆರುತ್ತೆ. ಗಾಳಿ ತಾಗಿದ್ರೆ ಒಣಗಿದ ಕಣ್ಣು ಉರಿದು, ತಂತಾನೇ ನೀರು ಸುರಿಸುತ್ತೆ."

"ಕಣ್ಣು ಒಣಗಿರೋದಕ್ಕೆ ನೀರು ಬರ್ತಿದ್ಯಾ? ಕೆರೆ ಬತ್ತಿದ್ದಕ್ಕೆ ಕೋಡಿ ಬಿತ್ತು ಅಂದಂಗಾಯ್ತು ಬುಡಿ ಡಾಕ್ಟ್ರೇ!" ಎಂದರು ದೊಡ್ಡಮ್ಮ.

ಹನಿ ಔಷಧಿ ಹಿಡಿದು ಮೆಟ್ಟಿಲಿಳಿಯುವಾಗ ಮೆಲ್ಲಗೆ ಕೇಳಿದರು: "ಹಾರ್ಮೋನು ಸರಿ ಕಣೇ. ಮೇಷ್ಟ್ರು ಹೋಗಿದ್ದು?" ನಾನು ಚಪ್ಪಲಿ ಹುಡುಕುವ ನೆಪ ಮಾಡಿದೆ.

ಮುಂದಿನ ವರ್ಷ ನನ್ನ ಸರದಿ. ಅಂಡಾಶಯದಲ್ಲಿ ಗೆಡ್ಡೆ. ಗರ್ಭಕೋಶದ ಸಮೇತ ಎರಡೂ ಅಂಡಾಶಯ ತೆಗೆಯಬೇಕು; ಗೆಡ್ಡೆ ಒಳ್ಳೆಯದೋ ಕೆಟ್ಟದ್ದೋ ತೆಗೆದು ಪರೀಕ್ಷೆ ಮಾಡಿದ ಮೇಲೇ ಗೊತ್ತಾಗುವುದು. ಬಂಧುಬಳಗವೆಲ್ಲ ಎಳನೀರು, ಹಣ್ಣು ಹಿಡಿದು ಬಂದು ಹೋಯಿತು. ದೊಡ್ಡಮ್ಮ ಮಾತ್ರ ಬರಲಿಲ್ಲ. ನನಗೆ ಅಳುವಷ್ಟು ಸಿಟ್ಟು ಬಂತು.

ಆಪರೇಷನ್ ದಿನ ಬೆಳಿಗ್ಗೆ ನನ್ನನ್ನು ಗಾಲಿ ಮಂಚದ ಮೇಲೆ ಮಲಗಿಸಿ ತಳ್ಳಿಕೊಂಡು ಹೊರಟರು. ಉದ್ದನೆಯ ತಣ್ಣನೆಯ ಕಾರಿಡಾರು. ಅದರ ತುದಿಯಲ್ಲಿ ಒಂದು ಆಕೃತಿ ಕೈ ಚಾಚಿ ಗೋಡೆ ತಡವುತ್ತಾ ನನ್ನ ಕಡೆಗೇ ಬರುತ್ತಿದೆ. ಹಣೆ ತುಂಬಾ ವಿಭೂತಿ, ಕಣ್ಣಿರಬೇಕಾದ ಜಾಗದಲ್ಲಿ ಬಿಳಿ ಬಟ್ಟೆಯ ಪಟ್ಟಿ! ತಳ್ಳುತ್ತಿದ್ದ ನರ್ಸ್ ಕೂಡ "ಅಯ್ಯೋ ಶಿವನೇ!" ಎಂದು ನಿಂತುಬಿಟ್ಟರು.

"ಮಗೂ, ಎಲ್ಲಿದ್ದೀಯಾ? ಮಾತಾಡು."

"ದೊಡ್ಡಮ್ಮಾ! ಇದೇನಿದು? ಬಿಚ್ಚಿ ಅದನ್ನ."

"ಬ್ಯಾಡ ಕಣೇ. ಇಲ್ಲಿ ಏಸಿ ಗಾಳಿ ಜಾಸ್ತಿ. ನಿನ್ನ ನೋಡ್ತಾ ನೋಡ್ತಾ ಕಣ್ಣಲ್ಲಿ ನೀರು ಬಂದ್ಬುಟ್ರೆ?"

ತಡವಿ ತಡವಿ ನನ್ನ ಹಣೆ ಹುಡುಕಿ ವಿಭೂತಿ ಇಟ್ಟರು. ಬಟ್ಟೆಯ ಮೇಲೆ, ಎರಡು ಕಣ್ಣಿನ ಜಾಗದಲ್ಲಿ, ಎರಡು ಒದ್ದೆ ಗುರುತುಗಳು ದೊಡ್ಡವಾಗುತ್ತಿದ್ದವು. ನಿಜ ಹೇಳುತ್ತೇನೆ, ನನ್ನ ಕಥೆ ಮುಗಿಯಿತು ಎಂದುಕೊಂಡೇ ಒಳಗೆ ಹೋದೆ.

ಗೆಡ್ಡೆ ಕೆಟ್ಟದ್ದಾಗಿರಲಿಲ್ಲ. ಆದರೆ ಅಂಡಾಶಯ ಹೋದ ಮೇಲೆ ನನ್ನ ಕಣ್ಣೂ ಒಣಗಿ, ಫ್ಯಾನಿನ ಕೆಳಗೆ ಕೋಡಿ ಬೀಳುತ್ತದೆ. ಈಗ ಭಾನುವಾರಗಳಲ್ಲಿ ಲಕ್ಷ್ಮೀಪುರಂ ಮನೆಯ ಜಗಲಿಯಲ್ಲಿ ದೊಡ್ಡಮ್ಮನ ತೊಡೆಯ ಮೇಲೆ ತಲೆಯಿಟ್ಟು ಹನಿ ಹಾಕಿಸಿಕೊಳ್ಳುತ್ತೇನೆ. ಮೊನ್ನೆ ಕೇಳಿಯೇಬಿಟ್ಟೆ.

"ಅವತ್ತು ಬಟ್ಟೆ ಒದ್ದೆಯಾಗಿತ್ತಲ್ಲ ದೊಡ್ಡಮ್ಮ, ಏಸಿ ಗಾಳಿಗೇ ತಾನೇ?"

ದೊಡ್ಡಮ್ಮ ಸೀಸೆಯ ಮುಚ್ಚಳ ತಿರುಗಿಸುತ್ತಾ ಹೇಳಿದರು:

"ಬಿಗಿಯಾಗಿ ಕಟ್ಕೊಂಡಿದ್ನಲ್ಲೇ ಮಗೂ. ಒಳಕ್ಕೆ ಗಾಳಿ ಎಲ್ಲಿಂದ ಬರ್ಬೇಕು?"