ಭಾನುವಳ್ಳಿ ಕೆರೆಯ ಮಂಗಟ್ಟೆ

ಭಾನುವಳ್ಳಿ ಪಕ್ಕದ ಕೆರೆಯಲ್ಲಿ ನಲವತ್ತೊಂದು ಜಾತಿಯ ಹಕ್ಕಿಗಳಿವೆ. ಸರ್ಕಾರಿ ಆದೇಶದಲ್ಲಿ ಹಾಗೆಂದು ಇರುವುದರಿಂದ ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಪಕ್ಷಿವೀಕ್ಷಣಾ ಪ್ರವಾಸ ಸಮಿತಿಯವರು ಎಲ್ಲೋ ದಟ್ಟ ಕಾಡಿನ ರಾಷ್ಟ್ರೀಯ ಉದ್ಯಾನದ ಪಟ್ಟಿ ತರಿಸಿ, ಊರಿನ ಹೆಸರೊಂದನ್ನು ತಿದ್ದಿ ಮಂಜೂರು ಮಾಡಿಸಿದ್ದರು. ಹೀಗಾಗಿ ಹೆಮ್ಮರದ ಪೊಟರೆಯಲ್ಲಿ ಗೂಡು ಮಾಡುವ, ಕೊಕ್ಕಿನ ಮೇಲೆ ಕೊಂಬಿರುವ ಮಂಗಟ್ಟೆಯೂ, ಜಾಲಿಗಿಡಗಳ ನಡುವೆ ಒಂದೇ ಒಂದು ಹೊಂಗೆ ಮರವಿರುವ ಆ ಕೆರೆಗೆ ಬಂದು ಸೇರಿತು.

ಅದನ್ನು ತೋರಿಸುವ ಹೊಣೆ ತನುಶ್ರೀಯದು. ಅವಳು ಹನ್ನೊಂದು ತಿಂಗಳ ಗುತ್ತಿಗೆಯ ಮಾರ್ಗದರ್ಶಿ. ಪಟ್ಟಿಯ ಅಷ್ಟೂ ಹಕ್ಕಿಗಳನ್ನು ಕಂಡೆವೆಂದು ಪ್ರವಾಸಿಗರೆಲ್ಲ ಸಹಿ ಹಾಕಿದರೆ ಮಾತ್ರ ಸೋಮವಾರ ಗುತ್ತಿಗೆ ಮುಂದುವರಿಯುತ್ತಿತ್ತು.

ಭಾನುವಾರ ದಾವಣಗೆರೆಯಿಂದ ಪ್ರವಾಸಿಗರ ಬಸ್ಸು ಬಂತು. ನಿಯಮದಂತೆ ಪ್ರಾರ್ಥನೆ, ಸ್ವಾಗತ, ಸನ್ಮಾನ ಎಲ್ಲವೂ ಮೈಕಿನಲ್ಲಿ ನಡೆದವು. ಕೊನೆಗೆ ಸರಪಟಾಕಿ ಹಚ್ಚಿದರು. ಬೆಳ್ಳಕ್ಕಿ, ನೀರುಕಾಗೆಗಳು ಒಟ್ಟಾಗಿ ಎದ್ದು ಗುತ್ತೂರಿನ ಕಡೆ ಹೊರಟವು. ಇದನ್ನು ಹಕ್ಕಿಗಳ ಹಾರಾಟ ಪ್ರದರ್ಶನವೆಂದು ನಮೂದಿಸಲಾಯಿತು.

"ಎಲ್ಲೈತವ್ವ ನಿನ್ನ ಮಂಗಟ್ಟೆ?" ದುರ್ಬೀನು ಹಿಡಿದ ಪುಟ್ಟಕ್ಕಜ್ಜಿ ಕೇಳಿದಳು. "ಹೊಂಗೆ ಮರದಾಗ ಒಂದು ನೀಲಿ ಹಕ್ಕಿ ಕುಂತೈತೆ, ಅಷ್ಟೇ."

"ಅದು ಮಿಂಚುಳ್ಳಿ, ಅಜ್ಜಿ," ತನುಶ್ರೀ ಮೆಲ್ಲಗೆ ಹೇಳಿದಳು.

ಸಮಿತಿಯ ಕಾರ್ಯದರ್ಶಿ ಉಜ್ಜನಪ್ಪ ಪಟ್ಟಿಯ ಮೇಲೆ ಬೆರಳಾಡಿಸಿದರು. "ಮಿಂಚುಳ್ಳಿ ಇದ್ರಾಗಿಲ್ಲಮ್ಮ. ಮಂಜೂರಾಗದ ಹಕ್ಕಿ ಯಾಕ ತೋರಿಸ್ತಿ?"

"ಸರ್, ಮಂಗಟ್ಟೆ ಈ ಕಡೆ ಬರೋದೇ ಇಲ್ಲ."

"ಬರೋದು ಬ್ಯಾಡ, ಆದೇಶದಾಗ ಐತೆ. ಕಾಣ್ಲಿಲ್ಲ ಅನ್ನೋರು ಕಣ್ಣಿನ ಡಾಕ್ಟರ್ ಸರ್ಟಿಫಿಕೇಟ್ ತರ್ಲಿ. ನಾಷ್ಟಾ ಆಮೇಲೆ."

ಶಾಮಿಯಾನದಿಂದ ಮಿರ್ಚಿ ಕರಿಯುವ ವಾಸನೆ ಬಂತು.

"ಕಂಡ್ತು!" ಎಂದರು ನಿವೃತ್ತ ಮೇಷ್ಟ್ರು ಹನುಮೇಶ್. "ಕೊಂಬು ಸಮೇತ ಕಂಡ್ತು ನೋಡ್ರಿ!"

ಮಂಡಕ್ಕಿ ಕಲಸುವಷ್ಟರಲ್ಲಿ ನಲವತ್ತೆರಡು ಸಹಿ ಬಿದ್ದವು. ಪುಟ್ಟಕ್ಕಜ್ಜಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುತ್ತ, "ನನಗ ಎರಡು ಕಂಡ್ವು, ಬರ್ಕಳ್ರಿ. ಮಿರ್ಚಿನೂ ಎರಡು ಹಾಕ್ರಿ," ಎಂದಳು.

ಉಳಿದದ್ದು ಮಾರ್ಗದರ್ಶಿಯ ಸಹಿ. ಉಜ್ಜನಪ್ಪ ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು. ಮಿಂಚುಳ್ಳಿ ನೀರಿಗೆ ಧುಮುಕಿ, ಮೀನು ಕಚ್ಚಿಕೊಂಡು ಮತ್ತೆ ಅದೇ ಕೊಂಬೆಗೆ ಬಂತು. ತನುಶ್ರೀ ಅದರತ್ತ ನೋಡದೆ ಸಹಿ ಹಾಕಿದಳು.

ಸೋಮವಾರ ಗುತ್ತಿಗೆ ಮುಂದುವರಿಯಿತು. ಜೊತೆಗೇ ಹನುಮೇಶ್ ಮೇಷ್ಟ್ರ ಅರ್ಜಿಯೂ ಬಂತು: ಹೊಂಗೆ ಮರ ಅಡ್ಡವಾಗಿ ಮಂಗಟ್ಟೆಯ ಬಾಲ ಸರಿಯಾಗಿ ಕಾಣಲಿಲ್ಲ. ಸಮಿತಿ ಸಾರ್ವಜನಿಕರ ಅಹವಾಲನ್ನು ಕಡೆಗಣಿಸುವಂಥದ್ದಲ್ಲ. ಗುರುವಾರ ಮರ ಕಡಿಸಿತು.

ಮುಂದಿನ ಭಾನುವಾರ ತನುಶ್ರೀ ಬಯಲಿನತ್ತ ಕೈಚಾಚಿ, "ಅಗೋ, ಸ್ವಲ್ಪ ಎಡಕ್ಕೆ," ಎಂದಳು. ಈ ಸಲ ಎಲ್ಲರಿಗೂ ಬಾಲದವರೆಗೆ ಸ್ಪಷ್ಟವಾಗಿ ಕಂಡಿತು.